ಬರಹ ಹೊರಗಿನದು, ಹೊಣೆ ನಮ್ಮದು

‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ಗಾದೆಯನ್ನು ನೀವೆಲ್ಲ ಕೇಳಿರುತ್ತೀರಿ. ಬೇಸಾಯದ ಮನೆಯಲ್ಲಿ ಹುಟ್ಟಿದ ಮಾತು ಅದು. ಆದರೆ ಇಂದು ಒಂದು ಸಣ್ಣ ಉದ್ಯಮ ನಡೆಸುವವರು ಎಲ್ಲವನ್ನೂ ತಾವೇ ಮಾಡಲು ಸಾಧ್ಯವೇ? ಲೆಕ್ಕಕ್ಕೆ ಒಬ್ಬರು, ಸಾಗಾಣಿಕೆಗೆ ಒಬ್ಬರು, ಅಚ್ಚಿಗೆ ಒಬ್ಬರು ಬೇಕಾಗುತ್ತಾರೆ. ಹಾಗೆಯೇ ಬರವಣಿಗೆಗೂ ಒಬ್ಬರು ಬೇಕು. ಪೊಟ್ಟಣದ ಮೇಲಿನ ವಿವರ, ಕರಪತ್ರ, ಬಳಕೆಯ ಸೂಚನೆ, ಜಾಹೀರಾತು, ಜಾಲತಾಣದ ಬರಹ ಇವೆಲ್ಲವನ್ನೂ ಹೊರಗಿನವರಿಂದ ಬರೆಸುವುದು ಈಗ ಸಾಮಾನ್ಯ. ಇದನ್ನು ಹೊರಗುತ್ತಿಗೆ ಎನ್ನುತ್ತೇವೆ. ಕೆಲಸವನ್ನು ಹೊರಗೆ ಕೊಟ್ಟ ಮೇಲೂ ಹಿಡಿತವನ್ನು ನಮ್ಮ ಕೈಯಲ್ಲೇ ಉಳಿಸಿಕೊಳ್ಳುವುದು ಹೇಗೆ ಎಂಬುದು ಇಂದಿನ ವಿಷಯ.

ಮೊದಲಿಗೆ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ ಹೇಳುತ್ತೇನೆ. ನನ್ನ ಭಾವನವರು ತುಮಕೂರಿನ ಕಡೆ ಮರದ ಗಾಣ ಇಟ್ಟುಕೊಂಡಿದ್ದಾರೆ. ಕಡಲೆಕಾಯಿ, ಹುಚ್ಚೆಳ್ಳು, ಕೊಬ್ಬರಿ ಎಣ್ಣೆ ತೆಗೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಅವರೊಂದು ಕರಪತ್ರ ಮಾಡಿಸಿದರು. ಬರೆದವನು ಊರಿನ ಒಬ್ಬ ಪದವೀಧರ ಹುಡುಗ, ಚುರುಕಿನವನು. ಎರಡು ಸಾವಿರ ಪ್ರತಿ ಅಚ್ಚಾಗಿ ಹಂಚಿಯೂ ಆಯಿತು.

ಒಂದು ದಿನ ಬೆಳಿಗ್ಗೆ ನಿವೃತ್ತ ಶಿಕ್ಷಕರೊಬ್ಬರು ಗಾಣಕ್ಕೆ ಬಂದರು. ಕೈಯಲ್ಲಿ ಅದೇ ಕರಪತ್ರ. “ಇದನ್ನು ಓದಿ ಮೂರು ವಾರದಿಂದ ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿದ್ದೀನಪ್ಪ. ಇನ್ನೆಷ್ಟು ದಿನದಲ್ಲಿ ಗುಣ ಕಾಣುತ್ತೆ?” ಎಂದು ಕೇಳಿದರು.

ಭಾವನವರಿಗೆ ಎದೆ ಧಸಕ್ಕೆಂದಿತು. “ಮೇಷ್ಟ್ರೇ, ನಾನೆಲ್ಲಿ ಹಾಗೆ ಹೇಳಿದೆ?” ಎಂದರು.

“ಕೆಳಗೆ ನಿಮ್ಮ ಗಾಣದ ಹೆಸರೇ ಇದೆಯಲ್ಲ!”

ಮೇಷ್ಟ್ರು ತೋರಿಸಿದ ಸಾಲಿನಲ್ಲಿ, ಹುಚ್ಚೆಳ್ಳೆಣ್ಣೆ ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುತ್ತದೆ ಎಂದಿತ್ತು. ಭಾವನವರು ಅವರನ್ನು ಆಗಲೇ ಸ್ಕೂಟರಿನಲ್ಲಿ ಕೂರಿಸಿಕೊಂಡು ವೈದ್ಯರ ಬಳಿಗೆ ಹೋದರು. ರಕ್ತದ ಸಕ್ಕರೆ ಬಹಳ ಏರಿತ್ತು. ಪುಣ್ಯಕ್ಕೆ ಸಕಾಲಕ್ಕೆ ಚಿಕಿತ್ಸೆಯಾಯಿತು.

ತಪ್ಪು ಯಾರದು? ಹುಡುಗನದೆಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಭಾವನವರು ಅವನಿಗೆ ಹೇಳಿದ್ದೇನು ಎಂದು ವಿಚಾರಿಸಿದೆ. ಫೋನಿನಲ್ಲಿ ಎರಡೇ ಮಾತು: “ಚೆನ್ನಾಗಿ ಬರಿಯಪ್ಪ, ಜನ ಕೊಂಡುಕೊಳ್ಳೋ ಹಾಗಿರಲಿ.” ಅವನು ಅಲ್ಲಿ ಇಲ್ಲಿ ಸಿಕ್ಕಿದ್ದನ್ನು ಕೂಡಿಸಿ ಚೆನ್ನಾಗಿಯೇ ಬರೆದಿದ್ದ. ಅಚ್ಚಿಗೆ ಮುಂಚೆ ಭಾವನವರು ಓದಿರಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಕರಡು ನನ್ನ ಕೈಗೂ ಬಂದಿತ್ತು. ವಿಜ್ಞಾನ ಓದಿದ ನಾನು ಚಿತ್ರಗಳನ್ನಷ್ಟೇ ನೋಡಿ, ಚೆನ್ನಾಗಿದೆ ಎಂದು ಮಡಿಸಿಟ್ಟಿದ್ದೆ. ಗಾದೆಯಲ್ಲಿ ಆಳನ್ನು ದೂರಲಾಗಿದೆ. ನಮ್ಮಲ್ಲಿ ಕೆಲಸ ಕೆಟ್ಟದ್ದು ಆಳಿನಿಂದಲ್ಲ, ಹೇಳದ ಮತ್ತು ನೋಡದ ಯಜಮಾನಿಕೆಯಿಂದ.

ನಾಚಿಕೆಯ ಸಂಗತಿಯೆಂದರೆ, ಸ್ಟುಡಿಯೋದಲ್ಲಿ ನಾನು ಹೀಗೆ ನಡೆದುಕೊಳ್ಳುವುದಿಲ್ಲ. ದೂರದರ್ಶನದ ಅನೇಕ ಕಾರ್ಯಕ್ರಮಗಳ ಬರಹವೂ ಹೊರಗಿನಿಂದಲೇ ಬರುತ್ತದೆ. ಕೃಷಿ ಕಾರ್ಯಕ್ರಮದಲ್ಲಿ ಲೀಟರ್ ನೀರಿಗೆ 2 ಮಿಲಿಲೀಟರ್ ಔಷಧಿ ಎನ್ನುವ ಕಡೆ 20 ಎಂದಾದರೆ ರೈತನ ಬೆಳೆ ಸುಟ್ಟುಹೋಗಬಹುದು. ಆದ್ದರಿಂದ ಪ್ರತಿ ಅಂಕಿಯನ್ನೂ ವಿಷಯತಜ್ಞರು ನೋಡಿದ ಮೇಲೆಯೇ ನಿರ್ಮಾಪಕ ಸಹಿ ಹಾಕಬೇಕು. ಇದೇ ಶಿಸ್ತು ಎಣ್ಣೆಯ ಅಂಗಡಿಗೂ ಬೇಕು. ಅದನ್ನು ಮೂರು ಮಾತುಗಳಲ್ಲಿ ಹೇಳಬಹುದು: ಅಳತೆ, ಒಪ್ಪಿಗೆ, ಹಕ್ಕು.

ಮೊದಲನೆಯದು ಅಳತೆ. ದರ್ಜಿಗೆ ಬಟ್ಟೆ ಕೊಡುವಾಗ ಅಳತೆಯನ್ನೂ ಕೊಡುತ್ತೇವಲ್ಲವೇ? ಬರೆಯುವವರಿಗೂ ಒಂದು ಪುಟದ ಸೂಚನಾಪತ್ರ ಕೊಡಬೇಕು. ಓದುವವರು ಯಾರು, ಖಚಿತವಾದ ಸಂಗತಿಗಳು ಯಾವುವು, ಯಾವ ಮಾತನ್ನು ಹೇಳಲೇಬಾರದು ಎಂಬುದೆಲ್ಲ ಅದರಲ್ಲಿರಬೇಕು. ಉದಾಹರಣೆಗೆ, ‘ನಮ್ಮ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ’ ಎಂಬ ಸಾಲು. ಇದು ಸುಳ್ಳಲ್ಲ. ಆದರೆ ಕೊಲೆಸ್ಟರಾಲ್ ಮುಖ್ಯವಾಗಿ ಪ್ರಾಣಿಜನ್ಯ ಆಹಾರದಲ್ಲಿರುವ ವಸ್ತು. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಎಲ್ಲರಿಗೂ ಇರುವ ಗುಣವನ್ನು ನಮಗೊಬ್ಬರಿಗೇ ಇದೆ ಎಂಬಂತೆ ಹೇಳಿದರೆ ಓದುಗರ ದಾರಿ ತಪ್ಪಿಸಿದಂತಾಗುತ್ತದೆ. ಯಾವ ಅಡುಗೆ ಎಣ್ಣೆಯಾದರೂ ಗ್ರಾಮಿಗೆ ಸುಮಾರು 9 ಕಿಲೋಕ್ಯಾಲೊರಿ ಶಕ್ತಿ ಕೊಡುತ್ತದೆ ಎಂಬುದನ್ನೂ ಮರೆಮಾಚಬಾರದು.

ಎರಡನೆಯದು ಒಪ್ಪಿಗೆ. ಅಚ್ಚಿಗೆ ಹೋಗುವ ಮುನ್ನ ಒಬ್ಬರು, ಒಬ್ಬರೇ, ಕೊನೆಯ ಸಹಿ ಹಾಕಬೇಕು. ಹತ್ತು ಜನರ ಒಪ್ಪಿಗೆಯೆಂದರೆ ಯಾರ ಹೊಣೆಯೂ ಅಲ್ಲ ಎಂದೇ ಅರ್ಥ. ಸಹಿ ಹಾಕುವವರು ಕರಡನ್ನು ಎರಡು ಸಲ ಓದಬೇಕು. ಮೊದಲ ಓದು ಸಂಗತಿಗಾಗಿ: ಪ್ರತಿ ಅಂಕಿಗೂ ಪ್ರತಿ ಹೇಳಿಕೆಗೂ ಆಧಾರವೇನು ಎಂದು ಬರೆದವರನ್ನು ಕೇಳಬೇಕು. ಎರಡನೆಯ ಓದು ಭಾಷೆಗಾಗಿ. ತಿದ್ದುಪಡಿ ಎಷ್ಟು ಸಲ, ಸಂಭಾವನೆ ಎಷ್ಟು, ಯಾವಾಗ ಎಂಬುದನ್ನೂ ಮೊದಲೇ ಮಾತಾಡಿಕೊಂಡಿರಬೇಕು. ಪದೇ ಪದೇ ತಿದ್ದಿಸಿ ಕಾಸು ಕೊಡದೆ ಸತಾಯಿಸುವುದು ಹಿಡಿತವಲ್ಲ, ಶೋಷಣೆ.

ಇದು ಬರೀ ಶಿಷ್ಟಾಚಾರವಲ್ಲ, ಕಾನೂನೂ ಹೌದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 53ನೇ ಕಲಮಿನಂತೆ, ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತು ಪ್ರಕಟಿಸಿದವರಿಗೆ ಅಥವಾ ಅದರಲ್ಲಿ ಪಾಲುಗೊಂಡವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ 10 ಲಕ್ಷದವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ‘ಬರೆದವನು ನಾನಲ್ಲ’ ಎಂಬ ಮಾತು ಮೇಷ್ಟ್ರ ಮುಂದೆಯೂ ನಿಲ್ಲಲಿಲ್ಲ, ಕಾನೂನಿನ ಮುಂದೆಯೂ ನಿಲ್ಲುವುದಿಲ್ಲ.

ಮೂರನೆಯದು ಹಕ್ಕು. ಹಣ ಕೊಟ್ಟು ಬರೆಸಿದ ಮಾತ್ರಕ್ಕೆ ಬರಹ ನಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಒಂದು ವ್ಯತ್ಯಾಸವಿದೆ. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಯೇ ಮೊದಲ ಒಡೆಯ. ಹೊರಗಿನವರು ಬರೆದಾಗ ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಹಕ್ಕು ನಮಗೆ ಬರಬೇಕಾದರೆ ಬರೆದವರು ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ 19ನೇ ಕಲಮು ಎಣಿಸುತ್ತದೆ. ಜಾಲತಾಣದ ಹೆಸರು, ಅದರ ಪಾಸ್‌ವರ್ಡ್ ಕೂಡ ಉದ್ಯಮದವರ ಹೆಸರಿನಲ್ಲೇ ಇರಬೇಕು. ಬರೆಯುವವರು ಬಿಟ್ಟುಹೋದ ದಿನ ಅಂಗಡಿಯ ಬೀಗದ ಕೈಯೂ ಅವರೊಡನೆ ಹೋಗಬಾರದು.

ಈಗ ಮನುಷ್ಯರಷ್ಟೇ ಅಲ್ಲ, ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಕ್ಷಣದಲ್ಲಿ ಕರಪತ್ರ ಬರೆದುಕೊಡುತ್ತವೆ. ಅವೂ ನಂಬಿಕೆ ಬರುವಂತೆಯೇ ತಪ್ಪನ್ನು ಹೇಳಬಲ್ಲವು. ಬರೆಯುವ ಕೈ ಯಾವುದೇ ಇರಲಿ, ನಿಯಮ ಇದೇ.

ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಉದ್ಯಮಿಗಳಾಗುತ್ತೀರಿ. ಕೆಲವರು ಓದುತ್ತಲೇ ಇಂಥ ಬರವಣಿಗೆಯಿಂದ ಕೈಖರ್ಚಿಗೆ ಗಳಿಸಬಹುದು. ಬರೆಯುವವರಾದರೆ ಸೂಚನಾಪತ್ರವನ್ನು ಕೇಳಿ ಪಡೆಯಿರಿ. ಆಧಾರವಿಲ್ಲದ ಸಾಲನ್ನು, ಯಜಮಾನರೇ ಬೇಡಿದರೂ, ಬರೆಯಬೇಡಿ. ಬರೆಸುವವರಾದರೆ ಓದದೆ ಸಹಿ ಹಾಕಬೇಡಿ.

ಭಾವನವರು ಉಳಿದ ಪ್ರತಿಗಳನ್ನು ಸುಟ್ಟರು. ಹಂಚಿದ ಮನೆಗಳಿಗೆಲ್ಲ ಹುಡುಗನೊಡನೆ ತಾವೇ ಹೋಗಿ ತಪ್ಪು ತಿಳಿಸಿದರು. ಹೊಸ ಕರಪತ್ರವನ್ನು ಅದೇ ಹುಡುಗನೇ ಬರೆದ. ಯಾವ ಬೀಜ, ಯಾವ ಊರಿನದು, ಎಂದು ತೆಗೆದ ಎಣ್ಣೆ, ಎಷ್ಟು ದಿನದಲ್ಲಿ ಬಳಸಬೇಕು, ಇಷ್ಟೇ ಅದರಲ್ಲಿತ್ತು. ಅಚ್ಚಿಗೆ ಮುಂಚೆ ಅದು ಮೇಷ್ಟ್ರ ಮನೆಗೆ ಹೋಯಿತು. ಅವರು ಕೆಂಪು ಶಾಯಿಯಲ್ಲಿ ಎರಡು ಕಾಗುಣಿತ ತಿದ್ದಿ, “ಈಗ ಸಹಿ ಹಾಕಪ್ಪ” ಎಂದರಂತೆ.