ಮೂಕಪ್ರಾಣಿಗಳಿಗೆ ಪ್ರಥಮ ಚಿಕಿತ್ಸೆ



ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪಾಠ ಹೇಳುವವನು. ಆದರೂ ಈ ವಿಷಯವನ್ನು ಕುರಿತು ಮಾತನಾಡಲು ನನಗೊಂದು ಅಧಿಕಾರವುಂಟು; ಅದು ತಪ್ಪಿತಸ್ಥನ ಅಧಿಕಾರ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಬೆಕ್ಕಿಗೆ ಜ್ವರ ಬಂದಂತೆ ತೋರಿತು. ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಅರ್ಧವನ್ನು ಹಾಲಿನಲ್ಲಿ ಕದಡಿ ಕುಡಿಸಿದೆನು. ಸಂಜೆಯ ಹೊತ್ತಿಗೆ ಅದರ ಮುಖ ಊದಿತು, ವಸಡು ಕಂದುಬಣ್ಣಕ್ಕೆ ತಿರುಗಿತು. ಮರುದಿನ ಬೆಕ್ಕು ಉಳಿಯಲಿಲ್ಲ. ಬೆಕ್ಕಿನ ಯಕೃತ್ತಿಗೆ ಆ ಔಷಧವನ್ನು ನಿರ್ವಿಷಗೊಳಿಸುವ ಸಾಮರ್ಥ್ಯ ಬಹಳ ಕಡಮೆ. ಅದರಿಂದ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುವುದು. ಪಶುವೈದ್ಯರಿಂದ ನಾನಿದನ್ನು ತಿಳಿದದ್ದು ಕಾಲ ಮಿಂಚಿದ ಮೇಲೆ. ಮನುಷ್ಯರ ಔಷಧವನ್ನು ಊಹೆಯ ಮೇಲೆ ಪ್ರಾಣಿಗಳಿಗೆ ಕೊಡತಕ್ಕದ್ದಲ್ಲವೆಂಬುದೇ ಮೊದಲ ಸೂತ್ರ.

ಪ್ರಥಮ ಚಿಕಿತ್ಸೆಯೆಂದರೆ ವೈದ್ಯನ ಸ್ಥಾನವನ್ನು ಆಕ್ರಮಿಸುವುದಲ್ಲ. ವೈದ್ಯನ ಬಾಗಿಲನ್ನು ಮುಟ್ಟುವವರೆಗೆ ಜೀವವನ್ನು ಹಿಡಿದು ನಿಲ್ಲಿಸುವುದು. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚೀತು. ಅದು ಕೃತಘ್ನತೆಯಲ್ಲ, ಭಯ. ಆದುದರಿಂದ ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಸುತ್ತಿ, ಕಿವಿಗಳ ಹಿಂದೆ ಗಂಟು ಹಾಕಬೇಕು. ವಾಂತಿ ಮಾಡುತ್ತಿದ್ದರೆ, ಇಲ್ಲವೆ ಉಸಿರಾಟ ಕಷ್ಟವಾಗಿದ್ದರೆ ಕಟ್ಟಲೇಬಾರದು. ಬೆಕ್ಕನ್ನು ದಪ್ಪ ಟವಲಿನಲ್ಲಿ ಸುತ್ತುವುದು ಲೇಸು.

ಗಾಯದಿಂದ ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಐದು ನಿಮಿಷಗಳವರೆಗೆ ತೆಗೆದು ನೋಡುವ ಕುತೂಹಲ ಬೇಡ. ಕಟ್ಟುತ್ತಿರುವ ಹೆಪ್ಪು ಆ ಕುತೂಹಲದಿಂದಲೇ ಕಿತ್ತುಹೋಗುವುದು. ಬಟ್ಟೆ ತೊಯ್ದರೆ ಅದರ ಮೇಲೆಯೇ ಮತ್ತೊಂದನ್ನಿಡಿ.

ಬೇಸಗೆಯಲ್ಲಿ ಮುಚ್ಚಿದ ಮೋಟಾರು ಗಾಡಿಯೊಳಗೆ ನಾಯಿಯನ್ನು ಬಿಟ್ಟು ಹೋಗುವವರುಂಟು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಶಾಖವನ್ನು ಕಳೆಯಬೇಕು. ಅದರ ಸಹಜವಾದ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105ನ್ನು ದಾಟಿದರೆ ಪ್ರಾಣಾಪಾಯ. ಕೂಡಲೆ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಒದ್ದೆಬಟ್ಟೆಯನ್ನು ಹೊದಿಸಿ ಸುಮ್ಮನಿದ್ದರೆ ಶಾಖ ಒಳಗೇ ನಿಲ್ಲುವುದು. ಎಚ್ಚರವಿಲ್ಲದ ಪ್ರಾಣಿಯ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶವನ್ನು ಸೇರೀತು.

ವಿಷ ತಿಂದ ಪ್ರಾಣಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯೂ ಅಪಾಯಕರವೇ. ಸೀಮೆಎಣ್ಣೆಯೋ ಆಮ್ಲವೋ ಆದರೆ ಹೊರಬರುವಾಗ ಮತ್ತೊಮ್ಮೆ ಸುಡುವುದು. ವಿಷದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ವೈದ್ಯರಲ್ಲಿಗೆ ಓಡಿರಿ. ಅವರಿಗೆ ಅದೇ ದಾರಿದೀಪ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದೂ ಬೇಡ, ಹೀರುವುದೂ ಬೇಡ. ಪ್ರಾಣಿಯನ್ನು ನಡೆಸದೆ ಎತ್ತಿಕೊಂಡು ಹೋಗಿರಿ.

ಉಪಚಾರ ಮಾಡುವಾಗ ಹಲ್ಲು ತಗುಲಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣತಕ್ಕದ್ದು. ಹುಚ್ಚುನಾಯಿ ರೋಗಕ್ಕೆ ಪಾಸ್ತರ್ ಮಹಾಶಯನು 1885ರಲ್ಲಿ ಬಾಲಕನೊಬ್ಬನಿಗೆ ಲಸಿಕೆ ಹಾಕಿ ದಾರಿ ತೋರಿದನು. ಆದರೆ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಇಂದಿಗೂ ಅತಿ ವಿರಳ.

ಪಶುವೈದ್ಯರ ವಿಳಾಸವನ್ನು ಇಂದೇ ಗೋಡೆಯ ಮೇಲೆ ಬರೆದಿಡಿ. ಒಂದು ಸುರುಳಿ ಪಟ್ಟಿ, ಒಂದು ಹಳೆಯ ಕಂಬಳಿ, ಒಂದು ಉಷ್ಣಮಾಪಕ ಇಷ್ಟು ಮನೆಯಲ್ಲಿದ್ದರೆ ಸಾಕು. ನಮ್ಮನ್ನು ನಂಬಿದ ಪ್ರಾಣಿ ತನ್ನ ನೋವನ್ನು ಹೇಳಲಾರದು. ನಾವು ಕೊಟ್ಟದ್ದನ್ನು ಬೇಡವೆನ್ನಲೂ ಅರಿಯದು. ನಮ್ಮ ಬೆಕ್ಕು ಆ ಹಾಲನ್ನು ನಂಬಿಕೆಯಿಂದಲೇ ಕುಡಿಯಿತು.