ಯಾರೂ ಎತ್ತದ ಫೋನಿಗೆ ಆಡಿದ ಮಾತು



ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ವಾಲ್ಡೆಮಾರ್ ಪೌಲ್ಸೆನ್ ಎಂಬ ತರುಣನಿದ್ದ. ಫೋನು ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಹೇಳಬೇಕಾದ ಮಾತು ಬಾಯಲ್ಲೇ ಉಳಿಯುತ್ತದೆ. ಆ ಮಾತನ್ನು 1898ರಲ್ಲಿ ಅವನು ಉಕ್ಕಿನ ತಂತಿಯಲ್ಲಿ ಹಿಡಿದಿಟ್ಟ. ದನಿಯ ಏರಿಳಿತಕ್ಕೆ ತಕ್ಕಂತೆ ತಂತಿಯ ಒಂದೊಂದು ಬಿಂದುವೂ ಹೆಚ್ಚು ಕಡಿಮೆ ಕಾಂತವಾಗುತ್ತದೆ. ಅದೇ ತಂತಿಯನ್ನು ಮತ್ತೆ ಓಡಿಸಿದರೆ ಮಾತು ಮರಳಿ ಕೇಳುತ್ತದೆ. ಈ ‘ಟೆಲಿಗ್ರಾಫೋನ್’ಗೆ 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ದೊಡ್ಡ ಬಹುಮಾನ ಬಂತು. ಆ ವರ್ಷ ಅದರಲ್ಲಿ ಮುದ್ರಿಸಿಕೊಂಡ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫನ ದನಿ ಇಂದಿಗೂ ಉಳಿದಿದೆ. ನಾವು ಬಳಸಿದ ಕ್ಯಾಸೆಟ್ಟುಗಳ ಮೂಲವೂ ಆ ತಂತಿಯೇ.

ಇಷ್ಟು ಮೊದಲೇ ಹುಟ್ಟಿದ ಯಂತ್ರ ಮನೆಗಳಿಗೆ ಬರಲು ಅಷ್ಟೊಂದು ದಶಕ ಏಕೆ ಹಿಡಿಯಿತು? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲೇ ಫೋನು ಎತ್ತುವವರಿಲ್ಲದಾಗ ಮಾತನ್ನು ಹಿಡಿದಿಡುವ, ಚೆನ್ನಾಗಿ ನಡೆಯುವ ಆನ್ಸರಿಂಗ್ ಮೆಷಿನ್ ತಯಾರಿಸಿದ್ದ. ಪ್ರಯೋಗಾಲಯದ ಒಡೆತನ ಹೊಂದಿದ್ದ ಎಟಿ ಅಂಡ್ ಟಿ ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. ಆಡಿದ್ದೆಲ್ಲ ದಾಖಲೆಯಾಗುತ್ತದೆ ಎಂದು ಗೊತ್ತಾದರೆ ವ್ಯಾಪಾರಿಗಳು ವ್ಯವಹಾರ ಕುದುರಿಸಲು, ಜನ ಗುಟ್ಟು ಹೇಳಿಕೊಳ್ಳಲು ಫೋನನ್ನೇ ಮುಟ್ಟಲಾರರು ಎಂಬ ದಿಗಿಲು! ಕಂಪನಿಯ ಹಳೆಯ ಕಡತಗಳನ್ನು ಶೋಧಿಸಿದ ಇತಿಹಾಸಕಾರ ಮಾರ್ಕ್ ಕ್ಲಾರ್ಕ್ ಇದನ್ನು ಬೆಳಕಿಗೆ ತಂದರು.

ಆ ದಿಗಿಲಿನಲ್ಲಿ ಹುರುಳಿಲ್ಲ ಎನ್ನಲಾರೆ. ಉಳಿಯುತ್ತದೆಂದು ಗೊತ್ತಿದ್ದಾಗ ನಾವೆಲ್ಲ ಅಳೆದು ತೂಗಿಯೇ ಮಾತಾಡುತ್ತೇವೆ. ಆದರೆ ಉಳಿಯಲಿ ಎಂದೇ ಆಡುವ ಮಾತೂ ಒಂದಿದೆಯಲ್ಲ, ಅದು ಕಂಪನಿಗೆ ಹೊಳೆಯಲಿಲ್ಲ.

1968ರಲ್ಲಿ ಕಾರ್ಟರ್‌ಫೋನ್ ಎಂಬ ಉಪಕರಣದ ಕುರಿತ ತೀರ್ಪು ಬಂದು, ಹೊರಗಿನವರ ಉಪಕರಣಗಳನ್ನೂ ಅಮೆರಿಕದ ಫೋನ್ ಜಾಲಕ್ಕೆ ಜೋಡಿಸಲು ದಾರಿಯಾಯಿತು. 1980ರ ದಶಕದಲ್ಲಿ ಅಲ್ಲಿನ ಮನೆಗಳಲ್ಲಿ ಕ್ಯಾಸೆಟ್ಟಿನ ಯಂತ್ರ ಸಾಮಾನ್ಯವಾಯಿತು. ಮುಂದೆ 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರ ದಾಳಿಗೆ ಸಿಕ್ಕಿ ಉರಿಯುತ್ತಿದ್ದ ನ್ಯೂಯಾರ್ಕಿನ ಅವಳಿ ಗೋಪುರಗಳಿಂದ, ಅಪಹೃತ ವಿಮಾನಗಳಿಂದ ಮನೆಗೆ ಫೋನು ಮಾಡಿದ ಕೆಲವರಿಗೆ ಸಿಕ್ಕಿದ್ದು ಈ ಯಂತ್ರವೇ. ಅವರು ಹೆಂಡತಿಗೆ, ಗಂಡನಿಗೆ, ಮಕ್ಕಳಿಗೆ ತಮ್ಮ ಪ್ರೀತಿಯನ್ನು ಹೇಳಿಟ್ಟರು. ಅಂಥ ಕೆಲವು ದನಿಗಳನ್ನು ಮನೆಯವರು ನ್ಯೂಯಾರ್ಕಿನ ಸ್ಮಾರಕ ಸಂಗ್ರಹಾಲಯಕ್ಕೆ ಕೊಟ್ಟಿದ್ದಾರೆ.

ಅಮೆರಿಕದ ಮನೆಗಳಿಗೆ ಈ ಯಂತ್ರ ಬಂದ 1980ರ ದಶಕ ನಮ್ಮಲ್ಲಿ ಫೋನು ಸಿಗುವುದಕ್ಕೇ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಈ ಯಂತ್ರ ಕಂಡ ಮನೆಗಳು ಕಡಿಮೆ. ಈಗ ಬರೆಯಲು ಬಾರದ ಅಜ್ಜಿಯರೂ ಮೊಬೈಲಿನ ಮೈಕು ಒತ್ತಿ, ಮಳೆ ಬಂದದ್ದು, ಹಸು ಕರು ಹಾಕಿದ್ದು, ಹಬ್ಬಕ್ಕೆ ಬಾ ಎಂಬುದು, ಎಲ್ಲವನ್ನೂ ಹೇಳಿ ಕಳಿಸುತ್ತಾರೆ. ನಿಮ್ಮ ಫೋನಿನಲ್ಲಿ ಅಂಥದ್ದಿದ್ದರೆ, ಜಾಗ ಸಾಲದೆಂದು ಅಳಿಸುವ ಮುನ್ನ ದಯವಿಟ್ಟು ಬೇರೊಂದು ಕಡೆ ತೆಗೆದಿಡಿ.