ಬಿದಿರು: ಹುಲ್ಲೋ, ಮರವೋ?

ಬೆಳಗಾವಿಯ ಪೇಟೆಯಲ್ಲಿ ರೊಟ್ಟಿಯ ಬುಟ್ಟಿಯನ್ನೋ, ಮದುವೆಯ ಬಾಗಿನಕ್ಕೆ ಜೋಡಿ ಮೊರಗಳನ್ನೋ ಕೊಳ್ಳುವಾಗ ನೀವು ಚೌಕಾಸಿ ಮಾಡುವಿರಲ್ಲವೆ? ಬೆಲೆಯನ್ನು ನಿಶ್ಚಯಿಸುವವರು ಎದುರಿಗೆ ಕುಳಿತ ಮೇದಾರರೇ ಎಂದು ನಮ್ಮ ಭಾವನೆ. ಆದರೆ ಆ ಬೆಲೆಯಲ್ಲಿ ಸರ್ಕಾರದ ಕಾನೂನಿನ ಪಾಲೂ ಸೇರಿದೆ. ಅದು ಹೇಗೆಂಬುದನ್ನು ಸ್ವಲ್ಪ ವಿಚಾರಿಸೋಣ.

ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು. ಹದವರಿತು ಗಳುಗಳನ್ನು ಕಡಿದರೆ ಮೆಳೆ ಸಾಯುವುದಿಲ್ಲ. ಮಳೆಗಾಲ ಬಂದೊಡನೆ ಹೊಸ ಕಳಲೆ ಮೂಡುತ್ತದೆ. ಆದರೂ 1927ರ ಭಾರತೀಯ ಅರಣ್ಯ ಕಾಯಿದೆ ಅದನ್ನು ಮರಗಳ ಸಾಲಿಗೆ ಸೇರಿಸಿತು. ಹೀಗಾಗಿ ತನ್ನ ಹೊಲದ ಬದುವಿನ ಬಿದಿರನ್ನು ಕಡಿದು ಸಾಗಿಸಲೂ ರೈತನಿಗೆ ಪರವಾನಗಿಯ ತೊಡಕು. ತೊಡಕಿರುವ ಬೆಳೆಯನ್ನು ಯಾರು ತಾನೇ ಬೆಳೆದಾರು?

ಇನ್ನೊಂದು ಕಡೆ, ಖಾನಾಪುರದ ನೆರೆಯ ಉತ್ತರ ಕನ್ನಡದಲ್ಲಿ, 1950ರ ದಶಕದಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆ ಹುಟ್ಟಿತು. ಕೈಗಾರಿಕೆ ಬೆಳೆಯಲೆಂದು ಸರ್ಕಾರ ಅದಕ್ಕೆ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತು. ಪೇಟೆಯಲ್ಲಿ ಬುಟ್ಟಿ ಹೆಣೆಯುವವರು ತೆರುತ್ತಿದ್ದ ಬೆಲೆ ಟನ್ನಿಗೆ ಸಾವಿರ ರೂಪಾಯಿಗೂ ಮಿಕ್ಕಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬಿದಿರು ಏಕೆ ಕ್ಷೀಣಿಸಿತೆಂಬುದನ್ನು ಅವರು 1970ರ ದಶಕದಲ್ಲಿ ಪರೀಕ್ಷಿಸಿದರು. ಹಳ್ಳಿಗರು ಮೆಳೆಯ ಬುಡದ ಮುಳ್ಳನ್ನು ಹಾಗೆಯೇ ಬಿಟ್ಟು ಮೇಲಿಂದ ಕಡಿಯುತ್ತಿದ್ದರು. ಕಾರ್ಖಾನೆಯ ಕೆಲಸಗಾರರು ಮುಳ್ಳನ್ನು ತೆಗೆದುಹಾಕಿದ್ದರಿಂದ ಎಳೆಯ ಕಳಲೆ ದನಗಳ ಬಾಯಿಗೆ ಸಿಕ್ಕಿತು. ಅಗ್ಗವಾಗಿ ಸಿಕ್ಕಿದ ವಸ್ತುವನ್ನು ಕಾಪಾಡುವ ಚಿಂತೆ ಯಾರಿಗೂ ಇರುವುದಿಲ್ಲ.

ಬಳಿಕ ನೀತಿ ಮೆಲ್ಲಮೆಲ್ಲನೆ ಬದಲಾಯಿತು. ಕಾರ್ಖಾನೆಗಳಿಗೆ ರಿಯಾಯಿತಿ ದರದಲ್ಲಿ ಅರಣ್ಯೋತ್ಪನ್ನ ಕೊಡಬಾರದೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆಯಿತು. 2017ರಲ್ಲಿ ಕೇಂದ್ರದ ಅರಣ್ಯ ಕಾಯಿದೆಯ ‘ಮರ’ ಎಂಬ ಪದದ ವಿವರಣೆಯಿಂದ ಬಿದಿರನ್ನು ತೆಗೆಯಲಾಯಿತು. ತೊಂಬತ್ತು ವರ್ಷಗಳ ಮೇಲೆ ಹುಲ್ಲು ಮತ್ತೆ ಹುಲ್ಲಾಯಿತು!

ಸುಂಕದ ಪ್ರಭಾವವನ್ನೂ ನೋಡಿ. ನೀವು ಬೆಳಗುವ ಊದುಬತ್ತಿಯೊಳಗಿನ ಕಡ್ಡಿ ಬಿದಿರಿನದು. ಹೊರದೇಶದ ಕಡ್ಡಿಯ ಮೇಲಿನ ಆಮದು ಸುಂಕವನ್ನು 2020ರಲ್ಲಿ ಶೇಕಡಾ 10ರಿಂದ 25ಕ್ಕೆ ಏರಿಸಲಾಯಿತು. ನಮ್ಮ ಬಿದಿರಿಗೆ ಇದು ಆಸರೆ. ಆದರೆ ಕಡ್ಡಿ ತುಟ್ಟಿಯಾದರೆ ಬತ್ತಿ ಹೊಸೆಯುವ ಕೈಗಳಿಗೆ ಪೆಟ್ಟು. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ಸಾಮಾನುಗಳು ದೇಶದಲ್ಲೆಲ್ಲ ನಿಷಿದ್ಧವಾದವು. ಆದರೆ ಪ್ಲಾಸ್ಟಿಕ್ಕಿನ ಬುಟ್ಟಿ, ಮೊರಗಳು ಆ ಪಟ್ಟಿಯಲ್ಲಿಲ್ಲ. ಮೇದಾರರ ನಿಜವಾದ ಎದುರಾಳಿ ಪೇಟೆಯಲ್ಲೇ ಉಳಿದಿದೆ.

ಹಾಗಾದರೆ ಬಿದಿರು ಎಲ್ಲಿಂದ ಬರಬೇಕು? ಖಾನಾಪುರದ ಭೀಮಗಡದ ಕಾಡು ಈಗ ವನ್ಯಜೀವಿ ಧಾಮ. ಪೇಟೆಯ ಬೇಡಿಕೆಯನ್ನು ಅದರ ಮೇಲೆ ಹೇರುವುದು ಉಚಿತವಲ್ಲ. ಮಳೆ ಚೆನ್ನಾಗಿ ಬೀಳುವ ಆ ತಾಲ್ಲೂಕಿನ ಹೊಲದ ಬದುಗಳೂ ಹಳ್ಳದ ದಂಡೆಗಳೂ ಇವೆ. ಅಲ್ಲಿ ನೆಟ್ಟ ಬಿದಿರು ನಾಲ್ಕೈದು ವರ್ಷಗಳಲ್ಲಿ ಕೈಗೆ ಬರಬಲ್ಲದು. ಅಷ್ಟು ಕಾಲ ಕಾಯುವ ರೈತನಿಗೆ ಎರಡು ಭರವಸೆ ಬೇಕು: ಕಡಿಯುವ ದಿನ ಯಾರೂ ತಡೆಯುವುದಿಲ್ಲವೆಂಬುದು ಒಂದು, ಕೊಳ್ಳುವವರು ಇರುತ್ತಾರೆಂಬುದು ಇನ್ನೊಂದು. ಮೊದಲನೆಯದು ಸರ್ಕಾರದ ಕೈಯಲ್ಲಿದೆ. ಕೇಂದ್ರದ ತಿದ್ದುಪಡಿಯೊಂದೇ ಸಾಲದು, ರಾಜ್ಯದ ಅರಣ್ಯ ಕಾನೂನೂ ಅದರೊಡನೆ ಹೆಜ್ಜೆ ಹಾಕಬೇಕು. ಎರಡನೆಯದರಲ್ಲಿ ಮಾತ್ರ ನಿಮ್ಮ ಪಾಲೂ ಇದೆ. ಮುಂದಿನ ಸಲ ಮೊರ ಕೊಳ್ಳುವಾಗ ಚೌಕಾಸಿ ಮಾಡಿರಿ, ತಪ್ಪಿಲ್ಲ. ಆದರೆ ಬಿದಿರಿನದನ್ನೇ ಕೊಳ್ಳಿರಿ.